ಸೆರೆಮನೆಯಿಂದ ಬಂದ ಮೇಲೆ

ಹ್ಯಾಲೋಫೀಲ್ಡ್, ಮ್ಯಾಸಚೂಸೆಟ್ಸ್
ಮೇ ೯, ೧೬೯೩

ಮುದ್ದಿನ ಮಗಳು ತಬಿತಾಳಿಗೆ ಅಮ್ಮನ ಹಾರೈಕೆಗಳು.

ನಿನ್ನ ಕಾಗದಗಳಿಗೆ ಉತ್ತರ ಬರೆಯಲಿಲ್ಲವೆಂದು ಬೇಸರ ಮಾಡಿಕೊಳ್ಳಬೇಡ. ಸೆರೆಮನೆಯಲ್ಲಿ ಶಾಯಿ ಕೊಡುತ್ತಿರಲಿಲ್ಲ. ಬಿಟ್ಟು ಕಳಿಸಿದ ಮೇಲೂ ಬೇಡಿ ಬಿಗಿದಿದ್ದ ಮಣಿಕಟ್ಟು ಸರಿಹೋಗಲು ಇಷ್ಟು ದಿನ ಹಿಡಿಯಿತು. ಈಗ ಹಾಲು ಕರೆಯಬಲ್ಲೆ, ಲೇಖನಿಯನ್ನೂ ಹಿಡಿಯಬಲ್ಲೆ. ಮಗುವಿಗೆ ಹಲ್ಲು ಬಂತೆಂದು ಓದಿ ಸಂತೋಷವಾಯಿತು.

ಅಲ್ಲಿ ಕನೆಕ್ಟಿಕಟ್‌ನಲ್ಲಿ ನೀನು ಏನೇನೋ ಕೇಳಿರುತ್ತೀಯ. ನಡೆದದ್ದನ್ನು ನನ್ನಿಂದಲೇ ಕೇಳು. ಹೋದ ವರ್ಷ ಚಳಿಗಾಲದ ಕೊನೆಗೆ ಪಕ್ಕದ ಮನೆಯ ಫೀಬಿಗೆ, ನೀನು ಎತ್ತಿ ಆಡಿಸಿದ ಹುಡುಗಿಗೆ, ಮೈ ನಡುಕ ಶುರುವಾಯಿತು. ಮೇಜಿನಡಿ ತೂರಿಕೊಂಡು ಬೊಗಳುತ್ತಿದ್ದಳು. ವಾರ ಕಳೆಯುವುದರೊಳಗೆ ಅವಳ ಗೆಳತಿಯರಿಗೂ ಅದೇ. ವೈದ್ಯರು ಔಷಧ ಕೊಟ್ಟು ಸೋತು, "ಇದು ಕಾಯಿಲೆ ಅಲ್ಲ, ಯಾರೋ ಮಾಟ ಮಾಡ್ಸಿದ್ದು" ಎಂದರು. ಯಾರು, ಯಾರು ಎಂದು ಪಾದ್ರಿಗಳು ಕೇಳಿದ್ದೇ ಕೇಳಿದ್ದು. ಫೀಬಿ ಕೊನೆಗೆ ಸೂಲಗಿತ್ತಿ ಡಾರ್ಕಸ್ ಅಜ್ಜಿಯ ಹೆಸರು ಹೇಳಿದಳು. ನಾನು ಬಾವಿಯ ಹತ್ತಿರ, "ಈ ಹುಡ್ಗಿನ ಭೂಮಿಗೆ ತಂದಿದ್ದೇ ಆ ಅಜ್ಜಿ. ನಾಲ್ಕು ದಿನ ಹೊಲದ ಕೆಲ್ಸಕ್ಕೆ ಹಚ್ಚಿ, ಸರಿಹೋಗ್ತಾಳೆ" ಎಂದೆ. ಮರುದಿನ ನನ್ನ ಹೆಸರೂ ಬಂತು.

ವಿಚಾರಣೆ ಪ್ರಾರ್ಥನಾ ಮಂದಿರದಲ್ಲೇ ನಡೆಯಿತು. ನಾನು ತಲೆ ವಾಲಿಸಿದರೆ ಹುಡುಗಿಯರೆಲ್ಲ ಕತ್ತು ಮುರಿಯಿತೆಂದು ಚೀರುತ್ತಿದ್ದರು. ನಾನು ತುಟಿ ಕಚ್ಚಿದರೆ ಅವರ ತುಟಿಯಲ್ಲಿ ರಕ್ತ. ಕೊನೆಕೊನೆಗೆ ಕೈ ಎತ್ತಲು ನನಗೇ ಭಯವಾಯಿತು.

"ಈ ಮಕ್ಕಳಿಗೆ ಯಾಕಮ್ಮ ಹಿಂಸೆ ಕೊಡ್ತೀಯ?" ಎಂದರು ನ್ಯಾಯಾಧೀಶರು.

"ನಾನು ನಿಂತ ಜಾಗದಿಂದ ಕದಲೇ ಇಲ್ವಲ್ಲ, ಸ್ವಾಮಿ."

"ನೀನು ಕದಲಿಲ್ಲ. ನಿನ್ನ ರೂಪ ಹೋಗಿ ಅವರ ಕತ್ತು ಹಿಸುಕ್ತಿದೆ."

"ಹಾಗಿದ್ರೆ ಆ ರೂಪಾನೇ ಕೇಳಿ. ಅದು ನನ್ನ ಕೇಳಿ ಹೋಗಿಲ್ಲ."

ಯಾರೂ ನಗಲಿಲ್ಲ. ತಪ್ಪು ಒಪ್ಪಿಕೊಂಡವರ ಜೀವ ಉಳಿಸುತ್ತಿದ್ದರು, ಒಪ್ಪದವರಿಗೆ ನೇಣು. ನಿಮ್ಮಪ್ಪ ಹತ್ತಿರ ಬಂದು, "ಒಪ್ಕೊಂಡ್ಬಿಡು ಜೆರೂಷಾ, ಜೀವ ಉಳೀತದೆ" ಎಂದು ಪಿಸುಗುಟ್ಟಿದರು. ಮಾಡದ್ದನ್ನು ಮಾಡಿದೆ ಎನ್ನಲು ನನಗೆ ನಾಲಿಗೆ ಹೊರಳಲಿಲ್ಲ.

ಡಾರ್ಕಸ್ ಅಜ್ಜಿಯೂ ಒಪ್ಪಲಿಲ್ಲ. ನೇಣಿಗೆ ಒಯ್ಯುವ ಬೆಳಿಗ್ಗೆ ನನ್ನನ್ನು ಕರೆದು, "ಜಡೆ ಹಾಕು ಬಾರೆ. ಕೂದ್ಲು ಹಗ್ಗಕ್ಕೆ ಸಿಕ್ಕಿದ್ರೆ ಎಳೀತದೆ" ಎಂದರು. ಬೇಡಿ ತೊಟ್ಟ ಕೈಯಲ್ಲೇ ಹೆಣೆದೆ. ಸೊಟ್ಟಗಾಯಿತು. "ಇರ್ಲಿ ಬಿಡು, ನನ್ನ ಜಡೆ ನೋಡಕ್ಕೆ ಬರ್ತಿಲ್ಲ ಅವರು" ಎಂದು ಎದ್ದು ಹೋದರು.

ನನ್ನ ಸರದಿ ಬರುವ ಮೊದಲೇ ಗವರ್ನರ್ ಆ ನ್ಯಾಯಾಲಯವನ್ನು ಮುಚ್ಚಿಸಿದರು. ರೂಪ ಬಂದು ಹಿಸುಕಿತು ಎಂಬ ಸಾಕ್ಷಿ ಇನ್ನು ನಡೆಯದು ಎಂದಾಯಿತು. ಈ ವಸಂತದಲ್ಲಿ ಉಳಿದವರನ್ನೆಲ್ಲ ಬಿಟ್ಟರು.

ಊರು ಈಗ ಸುಮ್ಮನಿದೆ. ಪಾದ್ರಿಗಳು ದಾರಿಯಲ್ಲಿ ಸಿಕ್ಕರೆ ಟೋಪಿ ತೆಗೆದು ಬಿತ್ತನೆಯ ಮಾತಾಡುತ್ತಾರೆ. ಮೊನ್ನೆ ಫೀಬಿ ಬಾಗಿಲಲ್ಲಿ ನಿಂತು, "ಅತ್ತೆ, ರೊಟ್ಟಿ ಹಿಟ್ಟು ಉಬ್ಬಕ್ಕೆ ಅಮ್ಮ ಒಂದು ಬಟ್ಟಲು ಹುಳಿಹಿಟ್ಟು ಕೇಳಿದ್ರು" ಎಂದಳು. ಕೊಟ್ಟೆ.

"ಈಗ್ಲೂ ನಡುಕ ಬರತ್ತೇನೆ?" ಎಂದು ಕೇಳಿದೆ.

"ಇಲ್ಲ ಅತ್ತೆ. ಈಗ ಯಾರೂ ನೋಡಕ್ಕೆ ಬರಲ್ಲ."

ಅವಳಿಗೆ ಬೈಯಬೇಕೆಂದು ಸೆರೆಮನೆಯಲ್ಲಿ ಎಷ್ಟೋ ಮಾತು ಕೂಡಿಸಿಟ್ಟಿದ್ದೆ. ಬಟ್ಟಲು ತೊಳೆದು ತಂದುಕೊಡು ಎಂದಷ್ಟೇ ಹೇಳಿ ಕಳಿಸಿದೆ.

ನಿಮ್ಮಪ್ಪ ಆರೋಗ್ಯವಾಗಿದ್ದಾರೆ. ಹಿಮದಲ್ಲಿ ನಡೆದು ವಾರವಾರವೂ ಸೆರೆಮನೆಗೆ ರೊಟ್ಟಿ ತಂದುಕೊಟ್ಟವರು ಅವರು. ಅಂಥ ಗಂಡ ಸಿಗಬೇಕಾದರೆ ಪುಣ್ಯ ಮಾಡಿರಬೇಕು ಎಂದು ಊರಲ್ಲಿ ಹೇಳುತ್ತಾರೆ.

ದೇವರು ನಿನ್ನನ್ನೂ ಮಗುವನ್ನೂ ಕಾಯಲಿ. ಅಳಿಯಂದಿರಿಗೆ ನನ್ನ ಆಶೀರ್ವಾದ ತಿಳಿಸು.

ನಿನ್ನ ಅಮ್ಮ
ಜೆರೂಷಾ

ತಾ.ಕ.: ಇದನ್ನು ಓದಿ ಒಲೆಗೆ ಹಾಕು. ನಾನು ಮನೆಗೆ ಬಂದಾಗಿನಿಂದ ನಿಮ್ಮಪ್ಪ ಊಟಕ್ಕೆ ಕೂತರೆ ಚಮಚ ಹಿಡಿದು ಕಾಯುತ್ತಾರೆ. ನಾನು ಅದೇ ಪಾತ್ರೆಯಿಂದ ಬಡಿಸಿಕೊಂಡು ಒಂದು ತುತ್ತು ನುಂಗಿದ ಮೇಲೆ ಶುರು ಮಾಡುತ್ತಾರೆ. ಪ್ರೀತಿಗೆ ಹಾಗೆ ಮಾಡುತ್ತಾರೆಂದು ತಿಳಿದಿದ್ದೆ. ನಿನ್ನೆ ಬೇಕೆಂದೇ ತಡ ಮಾಡಿದೆ. ಗಂಜಿ ಆರಿ ಕೆನೆಗಟ್ಟಿತು, ಅವರು ಮುಟ್ಟಲಿಲ್ಲ. "ನಾನು ಅಂಥವಳಲ್ಲ ಅಂತ ನಿಮಗೆ ಗೊತ್ತು ತಾನೆ?" ಎಂದೆ. "ಗೊತ್ತಿಲ್ಲ ಜೆರೂಷಾ" ಎಂದರು, ಬಹಳ ಮೆತ್ತಗೆ. "ಗೊತ್ತುಮಾಡಿಕೊಡು ಅಂತ ದೇವರನ್ನ ದಿನಾ ಬೇಡ್ಕೋತಿದೀನಿ." ನಾನು ಚಮಚ ಎತ್ತಿ ತಿಂದೆ. ಆಮೇಲೆ ಅವರೂ ತಿಂದರು.