ಇಪ್ಪತ್ತು ರೂಪಾಯಿಯ ತಂಗಿ

೨೧೭೧ನೆಯ ಇಸವಿ, ಹದಿಮೂರನೆಯ ತಿಂಗಳು, ನಾಲ್ಕನೆಯ ದಿನ

ಎಚ್‌ಐವಿ ಗುಳಿಗೆಯ ಕಿಟಕಿಯಲ್ಲಿ ಕೂತು ಹೆಸರು ಬರೆದುಕೊಳ್ಳುವವರಿಗೆ,

ಮೊದಲು ಖರ್ಚು ಹೇಳಿಬಿಡುತ್ತೇನೆ: ನಾಲ್ಕು ಸಲದ ಬಸ್ ಚಾರ್ಜು, ನಾಲ್ಕು ದಿನದ ಕೂಲಿ, ಒಬ್ಬ ತಂಗಿಗೆ ಇಪ್ಪತ್ತು ರೂಪಾಯಿ, ಒಂದು ಜೀವ. ಹದಿಮೂರನೆಯ ತಿಂಗಳು ಕಂಡು ಗಾಬರಿಯಾಗಬೇಡಿ. ಬೇಸಿಗೆ ಹನ್ನೆರಡು ತಿಂಗಳೊಳಗೆ ಹಿಡಿಯದೆ ಒಂದು ಹೆಚ್ಚಿಗೆ ಮಾಡಿಕೊಂಡಿದ್ದೇವೆ. ನನ್ನ ಮಾತು ಒರಟೆನಿಸಿದರೆ ಮನ್ನಿಸಿ. ನಾನು ತಂಪುಗೂಡು ಬಾಡಿಗೆಗೆ ಕೊಡುವವನು. ಬಿಸಿಲಿಗೆ ಸಿಕ್ಕವರು ಗಂಟೆಲೆಕ್ಕದಲ್ಲಿ ಕೂರುವ ಡಬ್ಬಿ ಅದು. ಒಂದನ್ನು ಅರವತ್ತು ಮಾಡುವಷ್ಟರಲ್ಲಿ ನಯ ಕಲಿಯಲು ಪುರಸೊತ್ತಾಗಲಿಲ್ಲ.

ತಿಪ್ಪವ್ವ ನನ್ನ ಮುತ್ತಜ್ಜಿಯ ತಾಯಿ, ನಿಮ್ಮ ಕಾಲದವಳು. ಮೆಣಸಿನಕಾಯಿ ಅಂಗಡಿಯಲ್ಲಿ ತೊಟ್ಟು ಬಿಡಿಸುತ್ತಿದ್ದಳು. ಗಂಡ ತೀರಿಕೊಂಡ ಮೇಲೆ, ಎರಡು ವರ್ಷದ ಮಗಳು ಗಂಗವ್ವನ ಜೊತೆ ಅಣ್ಣನ ಮನೆಯ ಪಡಸಾಲೆಯಲ್ಲಿದ್ದಳು. ರಕ್ತದಲ್ಲಿ ಕಾಯಿಲೆ ಇದೆಯೆಂದು ತಿಳಿದ ದಿನವೇ ಆಸ್ಪತ್ರೆಯ ಕಿಟಕಿಗೆ ಬಂದಳು. ಸಂಬಂಧಿಕರೊಬ್ಬರನ್ನು ಕರೆತಂದರೆ ಮಾತ್ರ ಗುಳಿಗೆ ಶುರು ಎಂದರು. ಗುಳಿಗೆ ತಪ್ಪದಂತೆ ನೋಡಿಕೊಳ್ಳಲು ಮನೆಯಲ್ಲೊಬ್ಬರು ಇರಲಿ ಎಂಬ ಒಳ್ಳೆಯ ಉದ್ದೇಶ. ಅಣ್ಣನಿಗೆ ಹೇಳಿದರೆ ಪಡಸಾಲೆ ಹೋಗುತ್ತದೆ. ಅದನ್ನು ಬರೆಯಲು ಅವರ ಹಾಳೆಯಲ್ಲಿ ಜಾಗವಿರಲಿಲ್ಲ. ಮೂರು ಸಲ ಬಂದಳು, ಮೂರು ಸಲ ವಾಪಸಾದಳು. ಅಷ್ಟರಲ್ಲಿ ಐದು ತಿಂಗಳು ಕಳೆದು ಕೆಮ್ಮು ಹತ್ತಿತ್ತು.

ನಾಲ್ಕನೆಯ ಸಲ ಗೇಟಿನ ಬಳಿ ಬಾಳೆಹಣ್ಣು ಮಾರುತ್ತಿದ್ದ ಮಾಬುನ್ನಿ ತಾನೇ ಕರೆದಳು: “ಅಕ್ಕಾ, ತಂಗಿ ಬೇಕೇನು? ಇಪ್ಪತ್ತು ರೂಪಾಯಿ. ಸಹಿ ಬರತೈತಿ ನನಗ.”

ಕಿಟಕಿಯ ಗುಮಾಸ್ತ ಕನ್ನಡಕ ಇಳಿಸಿ, “ಈ ತಿಂಗಳದಾಗ ಎಷ್ಟು ಮಂದಿ ಅಕ್ಕಂದಿರು ಹುಟ್ಯಾರಬೇ ನಿನಗ?” ಎಂದನಂತೆ.

“ನೀವು ಹೊಳ್ಳಿ ಕಳಿಸಿದಷ್ಟು ಮಂದಿ, ಸಾಹೇಬ್ರ.”

ಸಹಿ ಬಿತ್ತು, ಗುಳಿಗೆ ಸಿಕ್ಕಿತು. ಕೆಮ್ಮಿನ ಬಗ್ಗೆ ಯಾರೂ ಕೇಳಲಿಲ್ಲ, ಅದು ಕ್ಷಯ. ನಲವತ್ತೊಂದನೆಯ ದಿನ ತಿಪ್ಪವ್ವ ಅದೇ ಆಸ್ಪತ್ರೆಯ ವಾರ್ಡಿನಲ್ಲಿ ತೀರಿಕೊಂಡಳು. ಸುದ್ದಿ ತಿಳಿದರೂ ಅಣ್ಣ ಬರಲಿಲ್ಲ. ಹಾಳೆಯಲ್ಲಿದ್ದ ಸಂಬಂಧಿಕರ ಹೆಸರನ್ನು ಗೇಟಿನವರೆಗೆ ಕೂಗಿದರು. ಮಾಬುನ್ನಿ ಬಂದು ನೋಡಿದರೆ ಬೆಂಚಿನ ಮೇಲೆ ಗಂಗವ್ವ ಒಬ್ಬಳೇ. “ಸಹಿ ಮಾಡೀನಲ್ಲ,” ಎಂದು ಕಂಕುಳಿಗೆ ಎತ್ತಿಕೊಂಡಳು. ಮತ್ತೆ ಇಳಿಸಿದ್ದು ಮದುವೆ ಮಾಡಿಕೊಡುವಾಗಲೇ.

ನಮ್ಮಲ್ಲಿ ಆ ಕಾಯಿಲೆಗೆ ಒಂಟಿಸೂಜಿ ಇದೆ, ಒಮ್ಮೆ ಚುಚ್ಚಿದರೆ ಮುಗಿಯಿತು. ಆದರೂ ಕಿಟಕಿಯ ಫಲಕ ಕೇಳುವುದು ಅದನ್ನೇ: ಜೊತೆಗೆ ಯಾರು? ಎದುರಿಗೆ ‘ನಂಟರ ಕಟ್ಟೆ’ ಎದ್ದಿದೆ. ಅಣ್ಣ, ಅತ್ತೆ, ಚಿಕ್ಕಪ್ಪ ಎಲ್ಲರೂ ಅಲ್ಲಿ ಬಾಡಿಗೆಗೆ ಸಿಗುತ್ತಾರೆ. ಅಲ್ಲಿ ನನ್ನವೂ ಎರಡು ತಂಪುಗೂಡುಗಳಿವೆ. ವ್ಯಾಪಾರ ಚೆನ್ನಾಗಿದೆ, ಸುಳ್ಳೇಕೆ ಹೇಳಲಿ.

ಒಂದೇ ಕೇಳಿಕೆ. ನಾಳೆ ಒಬ್ಬಳೇ ಬಂದವಳಿಗೆ ಕೆಮ್ಮಿದೆಯೇ ಎಂದು ಕೇಳಿ, ಮನೆಯಲ್ಲಿ ಹೇಳಿದರೆ ಏನಾಗುತ್ತದೆ ಎಂದು ಕೇಳಿ, ಅಂದೇ ಚಿಕಿತ್ಸೆ ಶುರು ಮಾಡಿ. ಜೊತೆಗಾರರನ್ನು ಆಮೇಲೆ ಹುಡುಕಿದರಾಯಿತು.

ಯಾರಿಗೇನು ದಕ್ಕಿತೆಂದರೆ: ಬಸ್ಸಿನವರಿಗೆ ನಾಲ್ಕು ಸಲ ಹೋಗಿಬಂದ ಎಂಟು ಟಿಕೆಟ್ಟಿನ ದುಡ್ಡು. ಆಸ್ಪತ್ರೆಗೆ ಪೂರ್ತಿ ತುಂಬಿದ ಒಂದು ಹಾಳೆ. ಅಣ್ಣನಿಗೆ ಪಡಸಾಲೆ. ಮಾಬುನ್ನಿಗೆ ಇಪ್ಪತ್ತು ರೂಪಾಯಿ, ಒಬ್ಬ ಮಗಳು. ತಿಪ್ಪವ್ವನಿಗೆ ನಲವತ್ತು ಗುಳಿಗೆ.