ಅಮ್ಮ ನೋಡದ ಮುಖ

ಮಾರ್ಚ್ 11, ಮಂಗಳವಾರ

ಇವತ್ತೂ ಸಹಿ ಸಿಗಲಿಲ್ಲ. ಅಮ್ಮನಿಗೆ ಚಾಕು ಹಾಕಿದವನ ತನಿಖೆಗೆ ಅವಳು ನೆರವಾದಳೆಂದು ಪೊಲೀಸರು ಸಹಿ ಮಾಡಿದರೆ ಮಾತ್ರ ಅಮೆರಿಕದಲ್ಲಿ ಉಳಿಯುವ ವೀಸಾಕ್ಕೆ ಅರ್ಜಿ ಹಾಕಬಹುದು. ಇಲ್ಲವಾದರೆ ಅವಳನ್ನು ಯಾವ ದಿನ ಬೇಕಾದರೂ ಗ್ವಾಟೆಮಾಲಾಕ್ಕೆ ಅಟ್ಟಬಹುದು.

ಠಾಣೆಯಲ್ಲಿ ಡಿಟೆಕ್ಟಿವ್ ಆರು ಗಂಡಸರ ಫೋಟೊ ಹರಡಿದ. ಅಮ್ಮನಿಗೆ ನಮ್ಮ ಮಾಯಾ ಜನರ ಮಾಮ್ ಭಾಷೆ ಬಿಟ್ಟರೆ ಬೇರೆ ಬಾರದು, ಹಾಗಾಗಿ ನಾನೇ ದುಭಾಷಿ. ಅವಳು ಒಂದೊಂದನ್ನೂ ನೋಡಿ, "ಮುಖ ನೋಡ್ಲಿಲ್ಲ ಕಣೆ, ಬೆನ್ನಷ್ಟೇ ಕಂಡಿದ್ದು" ಎಂದಳು.

ಅವನು ನನ್ನ ಕಡೆ ಬಾಗಿದ. "ಮೂರನೇದನ್ನ ಸರಿಯಾಗಿ ನೋಡೋಕೆ ಹೇಳಮ್ಮ. ನೆರವಾದೋರಿಗೇ ಅಲ್ವಾ ನಾನು ಸಹಿ ಹಾಕೋದು?"

ಎರಡೂ ಭಾಷೆ ಬಲ್ಲವಳು ಆ ಕೋಣೆಯಲ್ಲಿ ನಾನೊಬ್ಬಳೇ. ಮೂರನೆಯವನೇ ಎಂದುಬಿಟ್ಟಿದ್ದರೆ ಅಮ್ಮನಿಗೂ ತಿಳಿಯುತ್ತಿರಲಿಲ್ಲ. ಮಾತು ನಾಲಿಗೆಯ ತುದಿಗೆ ಬಂದಿತ್ತು, ಈ ಡೈರಿಯಲ್ಲಿ ಯಾಕೆ ಮುಚ್ಚಿಡಲಿ. ಆದರೆ "ಬೆನ್ನು ಮಾತ್ರ ನೋಡಿದ್ದಾಳೆ" ಎಂದೇ ಹೇಳಿದೆ. ಅವನು ಸಹಿ ಮಾಡದೆ ಫಾರ್ಮನ್ನು ಡ್ರಾಯರಿಗೆ ಹಾಕಿದ.

ಪಕ್ಕದ ಮನೆಯ ಎಲ್ವಿಯಾ ಚಿಕ್ಕಮ್ಮ ಸಂಜೆ ಜೋಳದ ಹಿಟ್ಟಿನ ಕಡುಬು, ತಮಾಲೆ, ತಂದುಕೊಟ್ಟು, ಬಾಗಿಲಲ್ಲೇ ನನ್ನಿಂದ ಎಲ್ಲ ಕೇಳಿ ಬೈದಳು: "ಸ್ಕೂಲಲ್ಲಿ ಫೇಲಾದೋಳು ಪೊಲೀಸ್ ಸ್ಟೇಷನ್‌ನಲ್ಲಿ ನಿಜ ಹೇಳಿ ಫಸ್ಟ್ ಕ್ಲಾಸ್ ತಗೊಂಡ್ಲಂತೆ. ನಿಮ್ಮಮ್ಮನ್ನ ಎಳ್ಕೊಂಡು ಹೋಗ್ವಾಗ ಆ ಮಾರ್ಕ್ಸ್ ತೋರಿಸ್ತೀಯಾ?"

ಅವಳಿಗೂ ಡಿಟೆಕ್ಟಿವ್‌ಗೂ ಹೇಳಬೇಕಿದ್ದ ಉತ್ತರ ಈಗ ಹೊಳೆಯುತ್ತಿದೆ. ಕರೆದಾಗಲೆಲ್ಲ ಹೋಗಿದ್ದೇವೆ. ರಕ್ತದ ಅಂಗಿಯನ್ನು ಒಗೆಯದೆ ಕೊಟ್ಟಿದ್ದೇವೆ. ಕಾಣದ ಮುಖವನ್ನು ಕಾಣಲಿಲ್ಲ ಎಂದದ್ದೂ ನೆರವೇ.

ಡಿಟೆಕ್ಟಿವ್‌ನ ಆ ಮೂರನೆಯ ಫೋಟೊದ ಮಾತನ್ನು ಅಮ್ಮನಿಗೆ ಹೇಳಲೇ ಇಲ್ಲ. ಅವನನ್ನೇ ತೋರಿಸಿಬಿಡುವ ಆಸೆ ಅವಳಿಗಾದೀತೆಂದು ಹೆದರಿದೆ. ಹಾಗೆ ಮುಚ್ಚಿಟ್ಟದ್ದೂ ಸುಳ್ಳೇ. ಬೆಳಿಗ್ಗೆ ಎಲ್ಲ ಹೇಳಿ, ಅವಳನ್ನು ಕರೆದುಕೊಂಡೇ ಹೋಗಿ ಆ ಡ್ರಾಯರಿನ ಮುಂದೆ ಕೂರುತ್ತೇನೆ. ಏಳು ಎಂದರೆ ಏಳುವುದಿಲ್ಲ. ಅಮ್ಮ ಏನಾದರೂ ಆ ಮೂರನೆಯ ಫೋಟೊಗೆ ಬೆರಳಿಟ್ಟು ತೋರಿಸಿಯೇಬಿಟ್ಟರೆ, ಆಗಲೂ ನಾನು ಅವಳು ಬೆನ್ನು ಮಾತ್ರ ನೋಡಿದ್ದೆಂದೇ ಹೇಳುವೆನೇ, ಗೊತ್ತಿಲ್ಲ.