ಶನಿವಾರಕ್ಕೆ ಮುಂಚೆ ಬನ್ನಿ

ಕಾಲ್ಡರ್ ಫಾಲ್ಸ್, ಮಿಷಿಗನ್
11 ಫೆಬ್ರವರಿ 1974

ಶ್ರೀಮತಿ ಹಾಲ್ವರ್ಸನ್ ಅವರಿಗೆ,

ನಿಮ್ಮ ಮಗ ಲಾರ್ನ್ ಬಾಡಿಗೆಗಿರುವ ಮನೆಯೊಡತಿ ನಾನು. ಫೋನು ಅಡುಗೆಮನೆಯಲ್ಲಿದೆ, ಅವನೂ ದಿನವಿಡೀ ಅಲ್ಲೇ ಕೂತಿರುತ್ತಾನೆ. ಅದಕ್ಕೇ ಈ ಪತ್ರ.

ಈ ಸಲದ ಋತುವಿನಲ್ಲಿ ನಮ್ಮ ಐಸ್ ಹಾಕಿ ತಂಡ ಆಡಿದ ಊರಿಗೆಲ್ಲ ಅಭಿಮಾನಿಗಳ ಬಸ್ಸಿನಲ್ಲಿ ನಾನೂ ಹೋಗಿದ್ದೇನೆ. ಲಾರ್ನ್ ಬೀಳುವುದನ್ನು ಎಷ್ಟೋ ಸಲ ನೋಡಿದ್ದೇನೆ. ಮೊನ್ನೆ ಶನಿವಾರ ಬಿದ್ದದ್ದು ಹಾಗಲ್ಲ. ತಲೆ ಮಂಜುಗಡ್ಡೆಗೆ ಬಡಿದ ಸದ್ದು ಹನ್ನೆರಡನೇ ಸಾಲಿನಲ್ಲಿದ್ದ ನನಗೂ ಕೇಳಿಸಿತು. ಎದ್ದವನು ಎದುರಾಳಿಗಳ ಬೆಂಚಿಗೆ ಹೋಗಿ ಕೂತ. ಜನ ನಕ್ಕರು. ನಾನೂ ನಕ್ಕೆ, ಕ್ಷಮಿಸಿ.

"ಯಾಕಮ್ಮಾ ಓಲ್ಗಾ ಗಾಬರಿ? ಹುಡುಗ ಗಟ್ಟಿ ಪಿಂಡ. ಬರೋ ಶನಿವಾರ ಆಡ್ತಾನೆ ನೋಡಿ," ಎಂದರು ಕೋಚ್, ಆಟ ಮುಗಿದ ಮೇಲೆ ನಾನು ಹೋಗಿ ವಿಚಾರಿಸಿದಾಗ.

ನಿನ್ನೆಯಿಂದ ಅವನು ಸೂಪ್ ಕುಡಿದ ಹತ್ತು ನಿಮಿಷಕ್ಕೇ ಊಟ ಯಾವಾಗ ಎಂದು ಕೇಳುತ್ತಾನೆ. ಮಲಗಿದಾಗ ಉಸಿರಾಡುತ್ತಿದ್ದಾನೆಯೇ ಎಂದು ನಾನು ಬಾಗಿಲಲ್ಲಿ ನಿಂತು ಕಿವಿಗೊಡುತ್ತೇನೆ. ಡಾಕ್ಟರ ಮಾತೆತ್ತಿದರೆ, "ನನ್ನ ಜಾಗಕ್ಕೆ ಹತ್ತು ಜನ ಕಾಯ್ತಿದಾರೆ" ಅನ್ನುತ್ತಾನೆ.

ಇವತ್ತು ಬೆಳಿಗ್ಗೆ ತನ್ನ ಸ್ಕೇಟ್‌ಗಳನ್ನು ತಂದು ನನ್ನ ಮಡಿಲಲ್ಲಿಟ್ಟ.

"ಬಚ್ಚಿಡಿ. ಶನಿವಾರ ನಾನೇ ಬಂದು ಕೇಳ್ತೀನಿ, ಕೂಗಾಡ್ತೀನಿ. ಕೊಡ್ಬೇಡಿ."

ಬಚ್ಚಿಟ್ಟಿದ್ದೇನೆ. ಆದರೆ ಕೋಚ್ ಬಾಗಿಲಿಗೇ ಬಂದರೆ, ಕಳಿಸುವುದಿಲ್ಲ ಎನ್ನಲು ನಾನು ಅವನ ತಾಯಿಯಲ್ಲ. ಶುಕ್ರವಾರದ ಬಸ್ಸಿಗೆ ಬನ್ನಿ. ನನ್ನ ಕೋಣೆಯಲ್ಲೇ ನಿಮಗೂ ಹಾಸಿಗೆ ಹಾಸಿರುತ್ತೇನೆ. ನಾನು ಬರೆದೆ ಎಂದು ಅವನಿಗೆ ಹೇಳಬೇಡಿ.

ನಿಮ್ಮ ದಾರಿ ಕಾಯುತ್ತಿರುವ,
ಓಲ್ಗಾ ಲೈಸಾಕ್